ಸುಗ್ಗಿಯಲ್ಲಿಯೂ ವಿಶ್ರಾಂತಿ: ಮಂಡಿಯ ಗುಮಾಸ್ತರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಸಹೋದರರೇ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ದಾವಣಗೆರೆಯ ಕೃಷಿ ಮಾರುಕಟ್ಟೆ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನೀವು ಕಳುಹಿಸಿದ ಪತ್ರವನ್ನು ಗಮನವಿಟ್ಟು ಓದಿದ್ದೇನೆ. ಮೆಕ್ಕೆಜೋಳದ ಆವಕ ಹೆಚ್ಚುವ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಹೋದರೆ ರಾತ್ರಿ ಹತ್ತಾದರೂ ಮನೆ ಸೇರಲಾಗುವುದಿಲ್ಲವೆಂದೂ, ಭಾನುವಾರ ಟೆಂಡರ್ (ಧಾನ್ಯದ ಹರಾಜು) ಇಲ್ಲದಿದ್ದರೂ ಬಾಕಿ ಉಳಿದ ರೈತರ ಲೆಕ್ಕದ ಪಟ್ಟಿಗಳನ್ನು ಮುಗಿಸಲು ಮಾಲೀಕರು ಕರೆಸುತ್ತಾರೆಂದೂ, ಗುರುವಾರ ಸಂಜೆಯ ಪ್ರಾರ್ಥನಾ ಕೂಟಕ್ಕೆ ಹೋಗಿ ಬಹುಕಾಲವಾಯಿತೆಂದೂ, ರಾತ್ರಿ ಸತ್ಯವೇದ ತೆರೆದರೆ ಎರಡು ವಚನ ಓದುವಷ್ಟರಲ್ಲಿ ಕಣ್ಣು ಮುಚ್ಚುತ್ತದೆಂದೂ ಬರೆದಿದ್ದೀರಿ. ನಿಮ್ಮ ಸಭೆಯ ಹಿರಿಯರೊಬ್ಬರು ‘ಇದು ಲೋಕದ ಮೋಹ, ಆ ಕೆಲಸ ಬಿಡಿ’ ಎಂದರಂತೆ. ಸ್ನೇಹಿತರೊಬ್ಬರು ‘ಪ್ರಾಮಾಣಿಕವಾಗಿ ದುಡಿಯುವುದೇ ಪ್ರಾರ್ಥನೆ, ಕೊರಗಬೇಡಿ’ ಎಂದರಂತೆ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ನಿಮ್ಮ ಪ್ರಶ್ನೆ.

ಹಿರಿಯರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅವರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿರಬೇಕು. ಆದರೂ ಆ ಸಲಹೆಯನ್ನು ನಾನು ಒಪ್ಪಲಾರೆ. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುವ ಕೆಲಸದಿಂದ ಜೀವನ ಸಾಗಿಸಿದನು. ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದೆನೆಂದು ಥೆಸಲೊನೀಕದವರಿಗೆ ಬರೆದನು. ಮಕ್ಕಳ ಶಾಲಾ ಶುಲ್ಕ ಮತ್ತು ಮನೆ ಬಾಡಿಗೆ ನಿಮ್ಮೊಬ್ಬರ ದುಡಿಮೆಯ ಮೇಲೆ ನಿಂತಿರುವಾಗ, ಬೇರೆ ಕೆಲಸ ಕೈಯಲ್ಲಿಲ್ಲದೆ ಇದನ್ನು ಬಿಡುವುದರಿಂದ ಭಕ್ತಿ ಬೆಳೆಯುವುದಿಲ್ಲ, ಮನೆಯವರ ಚಿಂತೆ ಬೆಳೆಯುತ್ತದೆ.

ನಿಮ್ಮ ಸ್ನೇಹಿತರ ಮಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದು ಕೇಳಲು ಹಿತವಾಗಿದೆ ಮತ್ತು ಅದರಲ್ಲಿ ಸತ್ಯವೂ ಇದೆ. ಜಗಳೂರಿನ ಕಡೆಯಿಂದ ಬಂದ ರೈತನೊಬ್ಬನ ಜೋಳ ತೂಕವಾಗುತ್ತಿರುವಾಗ ಒಂದು ಕಿಲೋ ಕೂಡ ಆಚೀಚೆ ಆಗದಂತೆ ನೋಡಿಕೊಳ್ಳುವುದು, ಪಟ್ಟಿಯಲ್ಲಿ ಹಮಾಲಿ, ಚೀಲ ಎಂದು ಬರೆದದ್ದನ್ನು ಓದು ಬಾರದವನಿಗೆ ಸಾವಧಾನವಾಗಿ ಓದಿ ಹೇಳುವುದು, ಹಣ ನಾಳೆ ಬಾ ಎಂದು ಅವನನ್ನು ಅಲೆಸದಿರುವುದು, ಇವೆಲ್ಲವೂ ದೇವರು ನೋಡುವ ಕೆಲಸಗಳೇ. ಮೋಸದ ತ್ರಾಸು ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ 11ನೆಯ ಅಧ್ಯಾಯ ಆರಂಭವಾಗುತ್ತದೆ. ಯಾವ ಆರಾಧನೆಯಲ್ಲಿಯೂ ಕಲಿಯಲಾಗದ ಸತ್ಯಸಂಧತೆಯನ್ನು ನೀವು ಆ ತೂಕದ ಯಂತ್ರದ ಮುಂದೆ ಕಲಿಯುತ್ತಿದ್ದೀರಿ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಆದರೆ ದುಡಿಮೆಯೇ ಪ್ರಾರ್ಥನೆಯಾದರೆ ದುಡಿಮೆಗೆ ಮಿತಿ ಹಾಕುವವರು ಯಾರೂ ಉಳಿಯುವುದಿಲ್ಲ. ಏನು ಮಾಡಿದರೂ ಮನುಷ್ಯರಿಗೋಸ್ಕರವಲ್ಲ, ಕರ್ತನಿಗೋಸ್ಕರ ಎಂದು ಮಾಡಿರಿ ಎಂಬ ಕೊಲೊಸ್ಸೆಯವರಿಗೆ ಬರೆದ ಪತ್ರದ 3:23ನೆಯ ವಚನವನ್ನು ನಮ್ಮ ಸಭೆಗಳಲ್ಲಿ ಹೆಚ್ಚು ಹೊತ್ತು ದುಡಿಸಿಕೊಳ್ಳುವುದಕ್ಕೆ ಆಧಾರವೆಂಬಂತೆ ಬಳಸುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಪೌಲನು ಆ ಮಾತನ್ನು ಹೇಳಿದ್ದು ದಾಸರಿಗೆ, ಅಂದರೆ ತಮ್ಮ ಹೊತ್ತಿನ ಮೇಲೆ ಯಾವ ಹಕ್ಕೂ ಇಲ್ಲದವರಿಗೆ. ಯಜಮಾನನೇ ನಿಮ್ಮ ಕೊನೆಯ ಒಡೆಯನಲ್ಲ ಎಂಬ ಧೈರ್ಯ ಅದರೊಳಗಿದೆ. ಮಾಲೀಕನಿಗೆ ನಿಷ್ಠರಾಗಿರಿ, ಆದರೆ ನಿಮ್ಮನ್ನು ಪೂರ್ತಿಯಾಗಿ ಅವನಿಗೆ ಒಪ್ಪಿಸಬೇಡಿ ಎಂದೇ ನಾನು ಅದನ್ನು ಓದುತ್ತೇನೆ.

ಈ ಮಿತಿಯ ಮಾತನ್ನು ಸತ್ಯವೇದ ಎಲ್ಲಿ ಹೇಳುತ್ತದೆಂಬುದನ್ನು ಗಮನಿಸಿ. ಏಳನೆಯ ದಿನದ ವಿಶ್ರಾಂತಿಯ ಆಜ್ಞೆ ನಮಗೆಲ್ಲ ಗೊತ್ತು. ವಿಮೋಚನಕಾಂಡದ 34:21 ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಉಳುವ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ವಿಶ್ರಮಿಸಬೇಕು. ಕೆಲಸ ಕಡಿಮೆಯಿರುವ ಬೇಸಿಗೆಯಲ್ಲಿ ವಿಶ್ರಮಿಸಲು ಆಜ್ಞೆ ಬೇಕಿಲ್ಲ. ಮಳೆ ಬಂದೀತೆಂಬ ಭಯದಲ್ಲಿ ಫಸಲು ಹೊಲದಲ್ಲಿ ನಿಂತಿರುವಾಗ ಕೈ ತಡೆಯುವುದಕ್ಕೆ ಬೇಕು. ‘ಸೀಸನ್ ಮುಗಿಯಲಿ, ಆಮೇಲೆ ದೇವರ ಕಡೆಗೆ ತಿರುಗುತ್ತೇನೆ’ ಎಂದು ನೀವು ಬರೆದ ಸಾಲಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಈ ವಿಶ್ರಾಂತಿ ಆಳುಗಳಿಗೂ ಎತ್ತು ಕತ್ತೆಗಳಿಗೂ ಸಲ್ಲಬೇಕೆಂದಿದೆ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ನೀವೂ ದಾಸರಾಗಿದ್ದಿರಿ ಎಂಬುದೇ ಅಲ್ಲಿ ಕೊಟ್ಟಿರುವ ಕಾರಣ. ಪ್ರವಾದಿಯಾದ ಆಮೋಸನಂತೂ ನಿಮ್ಮ ಪ್ರಾಂಗಣದಲ್ಲಿಯೇ ನಿಂತು ಮಾತಾಡಿದಂತಿದೆ. ಸಬ್ಬತ್ತು ಎಂಬ ಆ ವಿಶ್ರಾಂತಿಯ ದಿನ ಯಾವಾಗ ಕಳೆದೀತು, ಧಾನ್ಯದ ವ್ಯಾಪಾರಕ್ಕೆ ಯಾವಾಗ ಕೂತೇವು ಎಂದು ತಹತಹಿಸುವವರೇ ಅಳತೆಯನ್ನು ಕಿರಿದು ಮಾಡುವವರು, ತ್ರಾಸಿನಲ್ಲಿ ಮೋಸ ಮಾಡುವವರು ಎಂದು ಅವನು 8ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಬಿಡುವನ್ನು ಸಹಿಸದ ಆತುರವನ್ನೂ ತೂಕದ ಮೋಸವನ್ನೂ ಅವನು ಒಂದೇ ಉಸಿರಿನಲ್ಲಿ ಸೇರಿಸಿದ್ದಾನೆ. ಪ್ರಾರ್ಥನೆ ಬಿಟ್ಟು ಪ್ರಾಮಾಣಿಕತೆಯೊಂದನ್ನೇ ಉಳಿಸಿಕೊಳ್ಳಬಹುದೆಂಬ ಭರವಸೆ ನನಗೆ ಇಲ್ಲದಿರುವುದು ಈ ಕಾರಣದಿಂದಲೇ.

ಭಾನುವಾರ ರಜೆ ಸಿಗದವರು ಕ್ರೈಸ್ತರಾಗಿ ಬಾಳಲಾಗದು ಎಂದು ಮಾತ್ರ ತಿಳಿಯಬೇಡಿ. ಕ್ರೈಸ್ತ ಸಭೆಯ ಮೊದಲ ಮುನ್ನೂರು ವರ್ಷ ರೋಮನ್ ಸಾಮ್ರಾಜ್ಯದಲ್ಲಿ ಭಾನುವಾರ ದುಡಿಮೆಯ ದಿನವೇ ಆಗಿತ್ತು. ಕ್ರಿ.ಶ. 112ರ ಸುಮಾರಿಗೆ ಈಗಿನ ಟರ್ಕಿಯಲ್ಲಿದ್ದ ಬಿಥೂನ್ಯ ಪ್ರಾಂತದ ಅಧಿಕಾರಿಯಾಗಿದ್ದ ಪ್ಲಿನಿಯು ಚಕ್ರವರ್ತಿ ಟ್ರಾಜನ್‌ಗೆ ಕಳುಹಿಸಿದ ವರದಿಯಲ್ಲಿ, ಕ್ರೈಸ್ತರು ಗೊತ್ತಾದ ದಿನದಂದು ಬೆಳಕು ಹರಿಯುವ ಮೊದಲೇ ಕೂಡಿ ಕ್ರಿಸ್ತನನ್ನು ಸ್ತುತಿಸಿ ಹಾಡುತ್ತಿದ್ದರೆಂದೂ, ಕಳವು, ವಂಚನೆ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಿದ್ದರೆಂದೂ, ಬಳಿಕ ಚದುರಿ ಊಟಕ್ಕೆ ಮತ್ತೆ ಸೇರುತ್ತಿದ್ದರೆಂದೂ ತಿಳಿಸಿದ್ದಾನೆ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಶಾಸನ ಮಾಡಿದಾಗಲೂ ಹದ ತಪ್ಪೀತೆಂದು ಬೇಸಾಯಗಾರರಿಗೆ ವಿನಾಯಿತಿ ಕೊಟ್ಟನು. ಯಾವ ದಿನ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ವಾರದಲ್ಲಿ ದುಡಿಮೆ ಮುಟ್ಟದ ಒಂದು ಭಾಗ ಇರಲೇಬೇಕು ಎಂಬುದಷ್ಟೇ ನನ್ನ ವಾದ.

ಪತ್ರದ ಕೊನೆಯಲ್ಲಿ ನೀವು ಸೇರಿಸಿದ ಒಂದು ಸಾಲನ್ನು ನಾನು ಹಲವು ಬಾರಿ ಓದಿದೆ. ಭಾನುವಾರದ ಕೆಲಸಕ್ಕೆ ಮಾಲೀಕರು ಬೇರೆ ಹಣ ಕೊಡುತ್ತಾರೆ, ಅದು ನಿವೇಶನದ ಕಂತಿಗೆ ಹೋಗುತ್ತದೆ ಎಂದಿದ್ದೀರಿ. ನಿವೇಶನ ಬೇಡವೆಂದು ಹೇಳಲು ನಾನು ಯಾರು? ಆದರೆ ನಮ್ಮ ಚಿತ್ರದುರ್ಗ, ದಾವಣಗೆರೆಯ ಸೀಮೆಯಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ಕೇಳದವರಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ದಂಪತಿಗಳಲ್ಲಿ, ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹೆಂಡತಿ ಕಳುಹಿಸಿದಳು. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದಾಗಲೂ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಏಳನೆಯ ದಿನ ಹುಡುಕಿ ಹೋದವರಿಗೆ ಏನೂ ಸಿಗಲಿಲ್ಲ. ಎಷ್ಟು ಸಾಕು ಎಂಬುದನ್ನು ನೀವೂ ನಿಮ್ಮ ಪತ್ನಿಯೂ ಕೂಡಿ ಕೂತು ತೀರ್ಮಾನಿಸಬೇಕು. ಕಂತಿನ ಅವಧಿಯನ್ನು ಒಂದೆರಡು ವರ್ಷ ಹಿಗ್ಗಿಸಲು ಸಾಧ್ಯವೇ ಎಂದು ವಿಚಾರಿಸಿ. ಈ ಮಾತುಕತೆಯೇ ಪ್ರಾರ್ಥನೆಯಿಂದ ಆರಂಭವಾದರೆ ಇನ್ನೂ ಒಳ್ಳೆಯದು.

ದಿನನಿತ್ಯದ ಭಕ್ತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ರಾತ್ರಿ ಓದುವುದನ್ನು ಸದ್ಯಕ್ಕೆ ಬಿಡಿ, ದೇವರು ತನ್ನ ಪ್ರಿಯರಿಗೆ ನಿದ್ರೆಯನ್ನು ಅನುಗ್ರಹಿಸುತ್ತಾನೆಂದು 127ನೆಯ ಕೀರ್ತನೆ ಹೇಳುತ್ತದೆ. ಮನೆ ಬಿಡುವ ಮೊದಲು ಮಕ್ಕಳೊಂದಿಗೆ ಒಂದು ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿ ಹೊರಡಿ. ಪಾರಸಿಯ ಅರಸನಾದ ಅರ್ತಷಸ್ತನು ನಿನಗೇನು ಬೇಕು ಎಂದು ಕೇಳಿದ ಪ್ರಶ್ನೆಗೂ ತಾನು ಕೊಟ್ಟ ಉತ್ತರಕ್ಕೂ ನಡುವಿನ ಕ್ಷಣದಲ್ಲಿ ಅವನ ಪಾನಸೇವಕನಾಗಿದ್ದ ನೆಹೆಮೀಯನು ಪರಲೋಕದ ದೇವರನ್ನು ಪ್ರಾರ್ಥಿಸಿದನು. ರೇಗುವ ಖರೀದಿದಾರನೆದುರು ನಿಂತಾಗ ನಿಮಗೂ ಅಷ್ಟೇ ಹೊತ್ತು ಸಿಗುತ್ತದೆ, ಅದು ಸಾಕಾಗುತ್ತದೆ. ಆದರೆ ಅಂಥ ಗಳಿಗೆಯಲ್ಲಿ ಪ್ರಾರ್ಥನೆ ತಾನಾಗಿ ಬಂದದ್ದು, ಅವನು ಅದಕ್ಕೆ ಮುಂಚೆ ಎಷ್ಟೋ ದಿನ ಉಪವಾಸವಿದ್ದು ಅತ್ತು ಪ್ರಾರ್ಥಿಸಿದ್ದರಿಂದ ಎಂಬುದನ್ನು ನೆಹೆಮೀಯನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ನೋಡಬಹುದು.

ಮಾಲೀಕರೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಿ. ಭಾನುವಾರದ ಬದಲು ಸೋಮವಾರ ನಸುಕಿನಲ್ಲಿಯೇ ಬಂದು ಪಟ್ಟಿಗಳನ್ನು ಮುಗಿಸಿಕೊಡುತ್ತೇನೆಂದು ಕೇಳಿ. ತಮ್ಮ ಮನೆಯ ಪೂಜೆ, ವ್ರತಗಳನ್ನು ಶ್ರದ್ಧೆಯಿಂದ ನಡೆಸುವವರಿಗೆ ಇನ್ನೊಬ್ಬನ ಆರಾಧನೆಯ ಬೆಲೆ ತಿಳಿಯುತ್ತದೆ. ಭಾನುವಾರ ಲಾರಿ ತುಂಬಲು ಬರುವ ಹಮಾಲರ ಬಿಡುವಿನ ಬಗ್ಗೆಯೂ ಒಂದು ಮಾತು ಹೇಳಲು ಸಾಧ್ಯವಾದರೆ ಹೇಳಿ.

ಕೊನೆಯದಾಗಿ, ಈ ಪುಟವನ್ನು ನಿಮ್ಮ ಸಭಾಪಾಲಕರಿಗೆ ತೋರಿಸಬೇಕೆಂದು ಕೋರುತ್ತೇನೆ. ಸಂಜೆ ಆರರ ಕೂಟಕ್ಕೆ ಮಂಡಿಯವರು, ಬಟ್ಟೆ ಅಂಗಡಿಯವರು, ಆಸ್ಪತ್ರೆಯ ಪಾಳಿಯಲ್ಲಿರುವ ದಾದಿಯರು ಬರಲಾರರೆಂಬುದು ಅವರಿಗೂ ತಿಳಿದಿರುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗಾದರೂ ಗುರುವಾರದ ಕೂಟವನ್ನು ಬೆಳಿಗ್ಗೆ ಐದೂವರೆಗೆ, ಅರ್ಧ ಗಂಟೆಯ ಮಟ್ಟಿಗೆ, ಮಾರುಕಟ್ಟೆಗೆ ಹತ್ತಿರದ ಯಾರದಾದರೂ ಮನೆಯಲ್ಲಿ ಇಡಬಹುದೇ ಎಂದು ಅವರನ್ನು ನನ್ನ ಪರವಾಗಿಯೂ ಕೇಳಿ, ಅವರು ಏನೆಂದರೆಂಬುದನ್ನು ನನಗೆ ಬರೆಯಿರಿ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ