ಪೂಜೆಯಲ್ಲಿ ಮನಸ್ಸು ಎಲ್ಲಿಗೆ ಓಡುತ್ತದೆ ಎಂದು ಮೊದಲು ನೋಡಿ

ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ಮನಸ್ಸು ದೇವರ ಮೇಲೆ ನಿಲ್ಲುವುದಿಲ್ಲ. ಮಕ್ಕಳ ಫೀಸು, ಕೆಲಸದ ಚಿಂತೆ, ‘ಒಬ್ಬರ ಮೇಲಿನ ಸಿಟ್ಟು’ ನುಗ್ಗಿ ಬರುತ್ತವೆ, ಇವನ್ನು ಓಡಿಸುವುದು ಹೇಗೆ ಎಂದು ಕೇಳಿದ್ದೀರಿ. ಆ ಮೂರನೆಯದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದನ್ನು ಓಡಿಸುವುದರಲ್ಲೇ ನಾನು ಐದು ವರ್ಷ ಕಳೆದಿದ್ದೇನೆ.

ನಮ್ಮದು ಮೂಡಿಗೆರೆ ಕಡೆ. ಅಪ್ಪ ಬಿಟ್ಟುಹೋದ ರೊಬಸ್ಟಾ ಕಾಫಿ ತೋಟವನ್ನು ನಾನೂ ತಮ್ಮನೂ ಸಮನಾಗಿ ಹಂಚಿಕೊಂಡೆವು. ಕೆರೆ ಮಾತ್ರ ಒಂದೇ. ಕಾಫಿ ಬೆಳೆದವರಿಗೆ ಗೊತ್ತು, ಫೆಬ್ರವರಿ, ಮಾರ್ಚಿನಲ್ಲಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಮೊಗ್ಗು ಹದಕ್ಕೆ ಬಂದಾಗ ನೀರು ಬೀಳದಿದ್ದರೆ ಮುಂದಿನ ಫಸಲಿನ ಆಸೆ ಬಿಡಬೇಕು. 2015ರಲ್ಲಿ ಕೆರೆಯ ನೀರು ಇಬ್ಬರಿಗೂ ಸಾಲುವಷ್ಟಿರಲಿಲ್ಲ. ತಮ್ಮನ ಸರದಿಯ ರಾತ್ರಿ ನಾನು ಮೋಟಾರು ಹಾಕಿದೆ. ಬೆಳಗ್ಗೆ ಅವನು ಬಂದು ನೋಡುವಾಗ ಕೆರೆಯಲ್ಲಿ ಉಳಿದದ್ದು ಕೆಸರು. ಹತ್ತು ದಿನ ಕಳೆಯುವಷ್ಟರಲ್ಲಿ ನನ್ನ ತೋಟ ಬೆಳ್ಳಗೆ ಹೂಬಿಟ್ಟು ಘಮಘಮಿಸಿತು. ಬೇಲಿಯಾಚೆ ಅವನದು ಬರೀ ಹಸಿರು.

ಅವನು ಅಮ್ಮನ ಎದುರಿಗೇ ನನ್ನನ್ನು ಕಳ್ಳ ಎಂದ. ನಾನು ಆ ಮಾತನ್ನು ಹಿಡಿದುಕೊಂಡೆ, ನೀರನ್ನು ಮರೆತೆ.

ಆಮೇಲಿನ ಭಾನುವಾರದಿಂದ ಚರ್ಚಿನಲ್ಲಿ ಅವನು ಎಡಗಡೆಯ ಸಾಲು, ನಾನು ಬಲಗಡೆಯ ಸಾಲು. ಅಮ್ಮ ಮೊದಲು ನಾವೆಲ್ಲ ಕೂರುತ್ತಿದ್ದ ಬೆಂಚಿನಲ್ಲೇ ಒಬ್ಬರೇ ಕೂರುತ್ತಿದ್ದರು. ಮಳೆಗಾಲವಿರಲಿ, ಬೇಸಿಗೆಯಿರಲಿ, ತಮ್ಮ ಕಪ್ಪು ಕೊಡೆಯನ್ನು ಪಕ್ಕದ ಜಾಗದಲ್ಲಿ ಉದ್ದಕ್ಕೆ ಮಲಗಿಸಿಡುತ್ತಿದ್ದರು. ಬೇರೆಯವರು ಬಂದು ಕೂರದಿರಲಿ ಎಂದು.

ಪೂಜೆ ಅರ್ಪಿಸುವ ಗುರುಗಳು ‘ಪ್ರಭು ನಿಮ್ಮೊಡನೆ ಇರಲಿ’ ಎನ್ನುವಷ್ಟರಲ್ಲಿ ತಮ್ಮನ ಮುಖ ಕಣ್ಣೆದುರು ಬಂದುಬಿಡುತ್ತಿತ್ತು. ವಾಚನದಲ್ಲಿ ಬರುತ್ತಿತ್ತು, ಕಾಣಿಕೆಯ ಹೊತ್ತಿನಲ್ಲಿ ಬರುತ್ತಿತ್ತು. ನಾನು ಅದನ್ನು ಸೈತಾನನ ಕಾಟವೆಂದೇ ನಂಬಿದೆ. ಮೊಬೈಲನ್ನು ಮನೆಯಲ್ಲಿ ಬಿಟ್ಟು ಬಂದೆ. ಬೆಳಗಿನ ಮೊದಲ ಪೂಜೆಗೆ ಹೋಗತೊಡಗಿದೆ. ಅಮ್ಮನಿಗಾಗಿ ಮತ್ತೆ ಎರಡನೆಯ ಪೂಜೆಗೂ ಬರುತ್ತಿದ್ದೆ. ಮುಂದಿನ ಬೆಂಚಿಗೆ ಹೋದೆ, ಕಣ್ಣು ಮುಚ್ಚಿದೆ. ಅವನ ನೆನಪು ಬಂದಾಗಲೆಲ್ಲ ಜಪಸರದ ಶಿಲುಬೆಯನ್ನು ಹೆಬ್ಬೆರಳಿಗೆ ಒತ್ತಿಕೊಳ್ಳುತ್ತಿದ್ದೆ. ಪೂಜೆ ಮುಗಿಯುವಾಗ ಬೆರಳಿನಲ್ಲಿ ಶಿಲುಬೆಯ ಅಚ್ಚು ಕೆಂಪಗೆ ಮೂಡಿರುತ್ತಿತ್ತು. ಶಾಂತಿಯ ವಂದನೆ ಹಂಚಿಕೊಳ್ಳುವಾಗ ಎದುರಿಗೆ, ಹಿಂದಕ್ಕೆ, ಬಲಕ್ಕೆ ತಿರುಗಿ ಕೈಮುಗಿಯುತ್ತಿದ್ದೆ. ಎಡಕ್ಕೆ ತಿರುಗುತ್ತಿರಲಿಲ್ಲ.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡುತ್ತಿದ್ದೀರೆಂದು ನನಗೆ ಭಯವಿದೆ. ತಿಂಗಳಿಗೊಮ್ಮೆ ಗುರುಗಳ ಬಳಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುತ್ತಿದ್ದೆ. ‘ಪೂಜೆಯಲ್ಲಿ ಮನಸ್ಸು ಅಲೆಯಿತು’ ಎಂದು ಪ್ರತಿಸಲ ಹೇಳುತ್ತಿದ್ದೆ. ಎಲ್ಲಿಗೆ ಅಲೆಯಿತು ಎಂದು ಒಂದು ಸಲವೂ ಹೇಳಲಿಲ್ಲ. ಅಲೆದದ್ದೇ ಪಾಪ, ಅಲೆದ ಜಾಗಕ್ಕೂ ಪಾಪಕ್ಕೂ ಸಂಬಂಧವಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಕೇಳಿಸಿಕೊಂಡ ಗುರುಗಳಿಗೆ ನಾನು ಬಹಳ ಸೂಕ್ಷ್ಮ ಮನಸ್ಸಿನ ಭಕ್ತನಂತೆ ಕಂಡಿರಬೇಕು. ಸಮಾಧಾನದ ಮಾತು ಹೇಳಿ ಕಳಿಸುತ್ತಿದ್ದರು. ಕದ್ದ ನೀರು ಬಾಯಿಗೆ ಬರಲಿಲ್ಲ. ಏಕಾಗ್ರತೆ ಎಂಬ ದೊಡ್ಡ ಮಾತಿನ ಹಿಂದೆ ಅದನ್ನು ಬಚ್ಚಿಟ್ಟಿದ್ದೆ. ದೇವರು ತಮ್ಮನ ಮುಖವನ್ನು ಭಾನುವಾರ ಭಾನುವಾರ ನನ್ನೆದುರು ತಂದು ನಿಲ್ಲಿಸುತ್ತಿದ್ದರು, ‘ದೇವರೇ, ಇವನನ್ನು ದೂರ ಮಾಡು, ನಿನ್ನನ್ನು ಆರಾಧಿಸಬೇಕು’ ಎಂದು ನಾನು ಬೇಡುತ್ತಿದ್ದೆ. ಐದು ವರ್ಷ ಇದನ್ನೇ ಪ್ರಾರ್ಥನೆ ಎಂದುಕೊಂಡಿದ್ದೆ.

ನಮ್ಮ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 2017ರ ಫೆಬ್ರವರಿ 12ರಂದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯ ಓದಿದರು. ಬಲಿಪೀಠದ ಮುಂದೆ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಎಂಬ ಭಾಗ. ಅಂದು ನಾನು ಕಣ್ಣು ಮುಚ್ಚಿ ಹೆಬ್ಬೆರಳು ಒತ್ತಿಕೊಳ್ಳುತ್ತಿದ್ದೆ. ಆ ಮಾತು ಕಿವಿಗೆ ಬಿದ್ದ ನೆನಪೇ ನನಗಿಲ್ಲ.

2019ರ ಜೂನಿನಲ್ಲಿ ಅಮ್ಮ ತೀರಿಹೋದರು. ಕೊಡೆಯನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಮಾತೇ ಬರಲಿಲ್ಲ. ಅದು ಅವರ ಕೋಣೆಯ ಗೂಟದಲ್ಲೇ ಉಳಿಯಿತು.

2020ರ ಫೆಬ್ರವರಿ 16ರಂದು ಅದೇ ಭಾಗ ಮತ್ತೆ ಬಂತು. ‘ನೆನಪಾದರೆ’ ಎಂಬ ಪದದಲ್ಲಿ ನಾನು ಸಿಕ್ಕಿಬಿದ್ದೆ. ನೆನಪಾಗುವುದು ಪೂಜೆಯ ಹೊತ್ತಿನಲ್ಲೇ ಎಂದು ಯೇಸುಸ್ವಾಮಿಗೆ ಗೊತ್ತಿತ್ತು. ನೆನಪಾದದ್ದನ್ನು ಬದಿಗೊತ್ತಿ ಪೂಜೆ ಮುಂದುವರಿಸು ಎಂದು ಅವರು ಹೇಳಲಿಲ್ಲ, ಎದ್ದು ಹೋಗು ಎಂದರು. ನನಗೆ ಎದ್ದು ಹೋಗುವ ಧೈರ್ಯ ಬರಲಿಲ್ಲ. ಪೂಜೆಯಲ್ಲಿ ಹಂಚುವ ಪರಮಪ್ರಸಾದದ ರೊಟ್ಟಿಗೆ ಮಾತ್ರ ಹೋಗದೆ ಕುಳಿತೆ. ಮಧ್ಯಾಹ್ನ ತಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಸ್ಪ್ರಿಂಕ್ಲರ್ ಪೈಪುಗಳನ್ನು ಜೋಡಿಸುತ್ತಿದ್ದ. ‘ಆ ರಾತ್ರಿ ನೀರು ನಿನ್ನದಾಗಿತ್ತು, ನಾನು ಕದ್ದೆ’ ಎಂದೆ. ಅವನು ಕೆಲಸ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, ‘ಅಮ್ಮ ಇದ್ದಾಗ ಬರಬೇಕಿತ್ತು ಅಣ್ಣ’ ಎಂದ. ಆಮೇಲೆ ಪೈಪಿನ ಇನ್ನೊಂದು ತುದಿ ಹಿಡಿಯಲು ಹೇಳಿದ.

ಈ ಕಥೆ ಕೇಳಿದ ಮೇಲೆ ನಮ್ಮ ಗುರುಗಳು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2729ನೆಯ ಪರಿಚ್ಛೇದವನ್ನು ತೆಗೆದು ತೋರಿಸಿದರು. ಪ್ರಾರ್ಥನೆಯಲ್ಲಿ ಮನಸ್ಸು ಚದುರಿದಾಗ ಅದರ ಬೆನ್ನು ಹತ್ತುವುದೆಂದರೆ ಅದರ ಬಲೆಗೇ ಬೀಳುವುದು. ನಾವು ಯಾವುದಕ್ಕೆ ಅಂಟಿಕೊಂಡಿದ್ದೇವೆ ಎಂಬುದನ್ನು ಅದು ತೋರಿಸಿಕೊಡುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಹದಿನಾರನೆಯ ಶತಮಾನದ ಆವಿಲಾದ ಸಂತ ತೆರೇಸಾ ಕೂಡ, ಪ್ರಾರ್ಥನೆಯ ಹೊತ್ತು ಯಾವಾಗ ಮುಗಿದೀತು ಎಂದು ಗಡಿಯಾರದ ಸದ್ದಿಗೆ ಕಾಯುತ್ತಿದ್ದ ವರ್ಷಗಳ ಬಗ್ಗೆ ತಾವೇ ಬರೆದುಕೊಂಡಿದ್ದಾರೆ. ಅಂಥವರನ್ನೇ 1970ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದ್ದು.

ಹಾಗಾಗಿ ‘ಓಡಿಸುವುದು ಹೇಗೆ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶನಿವಾರ ರಾತ್ರಿ ಮರುದಿನದ ವಾಚನಗಳನ್ನು ಓದಿಕೊಳ್ಳಿ, ಅದು ನಿಜಕ್ಕೂ ಸಹಾಯ ಮಾಡುತ್ತದೆ. ಮೊಬೈಲು ಮನೆಯಲ್ಲಿರಲಿ. ಕಣ್ಣು ಮುಚ್ಚಬೇಡಿ. ಬಲಿಪೂಜೆ ಒಬ್ಬೊಬ್ಬರೇ ಕುಳಿತು ಮಾಡುವ ಧ್ಯಾನವಲ್ಲ. ನೋಡಬೇಕು, ಹಾಡಬೇಕು, ಗಟ್ಟಿಯಾಗಿ ಉತ್ತರ ಕೊಡಬೇಕು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದರೆ ನಮ್ಮ ಬಿಷಪರ ಆಡಳಿತದ ವ್ಯಾಪ್ತಿ, ಹುಟ್ಟಿದ 1963ರಲ್ಲೇ ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರೆಲ್ಲ ಅರಿವಿನಿಂದ, ಪೂರ್ಣವಾಗಿ, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಕೇಳಿಕೊಂಡಿತು. ಫೀಸಿನ ಚಿಂತೆ ಬಂದರೆ ಕಾಣಿಕೆಯ ಹೊತ್ತಿನಲ್ಲಿ ಅದನ್ನೂ ದೇವರ ಮುಂದಿಡಿ, ಮತ್ತೆ ಪೂಜೆಗೆ ಮರಳಿ. ಕಳೆದ ವಾರ ಮೋಡ ಕಟ್ಟಿದಾಗ ನನ್ನ ಮನಸ್ಸು ಕಣದಲ್ಲಿ ಹರಡಿದ್ದ ಕಾಫಿಯ ಕಡೆ ಓಡಿತು. ಅದನ್ನೇ ಹೇಳಿಕೊಂಡೆ, ಮುಂದಿನ ಹಾಡಿಗೆ ದನಿಗೂಡಿಸಿದೆ.

ಮೂರನೆಯದು, ಒಬ್ಬರ ಮೇಲಿನ ಆ ಸಿಟ್ಟು, ಬೇರೆ. ನಿಮ್ಮನ್ನು ಹೊಡೆದು ಬಡಿದವರಾಗಿದ್ದರೆ ಅವರ ಬಳಿ ಹೋಗಬೇಡಿ. ಮೊದಲು ನಂಬಿಕಸ್ಥರೊಬ್ಬರ ಬಳಿ ಹೇಳಿಕೊಳ್ಳಿ. ಹಾಗಿಲ್ಲವಾದರೆ ಅವರು ಯಾರು, ಏನಾಯಿತು ಎಂದು ಇಲ್ಲಿ ಬರೆಯುವ ಅಗತ್ಯವಿಲ್ಲ. ಇನ್ನೂ ಮನೆಯಲ್ಲಿ ಇಬ್ಬರಿಗೂ ಬೇಕಾದ ಹಿರಿಯರು ಇದ್ದಾರೆಯೇ ನೋಡಿ. ಇದ್ದರೆ ಶನಿವಾರದವರೆಗೂ ಕಾಯಬೇಡಿ, ಇಂದು ಸಂಜೆಯೇ ಆ ಸಿಟ್ಟಿನವರ ಮನೆಗೆ ಹೋಗಿ.