ಕೊನೇ ಸ್ಥಾನ ಯಾಕೆ ಅಂತ ಕೇಳಿದಿರಲ್ಲ

ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆಗೆ ಕೊನೇ ಸ್ಥಾನ ಯಾಕೆ ಅಂತ ಕೇಳಿದಿರಿ. ನಿಮ್ಮ ಕಡೆಯವರಿಗೆ ನಾವು ನೆನಪಾಗೋದು ಫಲಿತಾಂಶದ ದಿನ ಮಾತ್ರ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಯಾದಗಿರಿ ಶೇ. 50.59 ತಂದು ಕೊನೆಗೆ ನಿಂತಿತು. ಮರುವರ್ಷ ಪಕ್ಕದ ಕಲಬುರಗಿ ಶೇ. 42.43ಕ್ಕೆ ಇಳಿದು ಆ ಜಾಗಕ್ಕೆ ಬಂತು. ಅವತ್ತು ನಮ್ಮೂರಲ್ಲಿ ಒಂದಿಷ್ಟು ಜನ ಖುಷಿಪಟ್ಟರು, ಅದು ಬೇರೆ ಮಾತು.

ನಾನಿರುವುದು ಗುರುಮಠಕಲ್ ಕಡೆ. ಬೈಕ್ ಹತ್ತಿದರೆ ಸ್ವಲ್ಪ ಹೊತ್ತಿಗೇ ತೆಲಂಗಾಣ. ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಒಂದನೇ ತರಗತಿಯಲ್ಲಿ ಮರದ ಚಿತ್ರ ತೋರಿಸಿ ಇದೇನು ಅಂದರೆ ಅರ್ಧ ಮಕ್ಕಳು ‘ಚೆಟ್ಟು’ ಅನ್ನುತ್ತವೆ. ಉತ್ತರ ಸರಿಯೇ ಅಲ್ವಾ? ನಮ್ಮ ಶಾಲೆಯಲ್ಲಿ ಒಬ್ಬ ಮೇಡಂ ಇದ್ದರು. ‘ಹೌದು, ಚೆಟ್ಟು, ಕನ್ನಡದಲ್ಲಿ ಮರ’ ಅಂತ ಎರಡನ್ನೂ ಹೇಳಿಸುತ್ತಿದ್ದರು. ದೀಪಾವಳಿ ಹೊತ್ತಿಗೆ ಮಕ್ಕಳು ಕನ್ನಡದಲ್ಲೇ ಜಗಳ ಆಡುತ್ತಿದ್ದವು. ಆಮೇಲೆ ಆ ಮೇಡಂಗೆ ವರ್ಗವಾಯಿತು.

ಆದರೆ ಭಾಷೆಗಿಂತ ಜಾಸ್ತಿ ಪೆಟ್ಟು ಕೊಡೋದು ಹತ್ತಿ. ನಾನು ಮೂರು ವರ್ಷ ಎಸ್‌ಡಿಎಂಸಿಯಲ್ಲಿದ್ದೆ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ), ಹಾಜರಿ ಪುಸ್ತಕ ಕಣ್ಣಾರೆ ನೋಡಿದ್ದೇನೆ. ಸೆಪ್ಟೆಂಬರ್‌ವರೆಗೆ ಪುಟ ಚೆನ್ನಾಗಿರುತ್ತದೆ. ನವೆಂಬರ್ ಬಂತೆಂದರೆ ಏಳು, ಎಂಟನೇ ತರಗತಿಯ ಸಾಲುಗಳಲ್ಲಿ ಬರೀ ಗೈರು. ಹತ್ತಿ ಬಿಡಿಸಲು ಕೂಲಿ ಕೆಜಿ ಲೆಕ್ಕ. ಹೀಗಾಗಿ ಮನೆಯಿಂದ ಎಷ್ಟು ಕೈ ಹೋದರೂ ಲಾಭವೇ. ವಾರ ಬಿಟ್ಟು ಬಂದ ಹುಡುಗಿಯನ್ನು ‘ಎಲ್ಲಿ ಹೋಗಿದ್ದೆವ್ವಾ?’ ಅಂತ ಕೇಳಿದರೆ ಮಾತಾಡಲಿಲ್ಲ, ಕೈ ಮುಂದೆ ಚಾಚಿದಳು. ಒಣಗಿದ ಕಾಯಿಯ ಚೂಪು ತುದಿ ತಾಗಿ ಉಗುರಿನ ಸುತ್ತ ಗೀರು ಬಿದ್ದಿತ್ತು. ಹತ್ತಿ ಮುಗಿದರೆ ತೊಗರಿ ರಾಶಿ. ಅದೂ ಮುಗಿದರೆ ಅಪ್ಪ ಅವ್ವ ಹೈದರಾಬಾದಿಗೋ ಮುಂಬೈಗೋ ಗುಳೆ. ಅಜ್ಜಿ ಗಟ್ಟಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲಾಂದ್ರೆ ಅದೂ ಮೂಟೆ ಜೊತೆ ಹೊರಟಿತು.

ಏನೂ ಸುಧಾರಿಸಿಲ್ಲ ಅಂದರೆ ಸುಳ್ಳಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿತು. ಮೊಟ್ಟೆ ಕೊಡುವ ದಿನ ತಟ್ಟೆಗಳ ಸಾಲು ಉದ್ದ ಆಗೋದನ್ನು ನಾನೇ ಕಂಡಿದ್ದೇನೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸಿ ದರ್ಜೆ ಹುದ್ದೆಗಳಲ್ಲಿ ಶೇ. 80 ನಮ್ಮ ಭಾಗದವರಿಗೇ ಮೀಸಲು. ಈ ಕಡೆಯ ಹುಡುಗರು ಮೇಷ್ಟ್ರಾದರೆ ಮೊದಲ ದಿನದಿಂದಲೇ ವರ್ಗಾವಣೆಯ ದಾರಿ ಕಾಯೋದಿಲ್ಲ. ಖಾಲಿ ಹುದ್ದೆ ತುಂಬಬೇಕು, ಅಷ್ಟೇ. ಈಗ ಅತಿಥಿ ಶಿಕ್ಷಕರಿಂದ ದಿನ ದೂಡುತ್ತಿದ್ದೇವೆ. ಪಾಪ, ಅವರಿಗೂ ಬರುವ ವರ್ಷದ ಗ್ಯಾರಂಟಿ ಇಲ್ಲ.

ಗೋಡೆಗೆ ಬಣ್ಣ, ಸ್ಮಾರ್ಟ್ ಟಿವಿ ಇವೆಲ್ಲ ಇರಲಿ. ನನ್ನನ್ನು ಕೇಳಿದರೆ ಮೊದಲು ಬೇಕಾದದ್ದು ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಊಟ, ಮಲಗಲು ಜಾಗ. ಋತುಮಾನದ ವಸತಿ ನಿಲಯ ಅಂತ ಇದಕ್ಕೆ ಹೆಸರೂ ಇದೆ. ಆದರೆ ಅದು ದಸರೆಗೆ ಮುಂಚೆ ಶುರುವಾಗಬೇಕು, ಜನ ಹೋದ ಮೇಲೆ ಬೀಗ ತೆಗೆದರೆ ಯಾರಿಗೆ?

ನೀವು ಬಂದು ನೋಡೋದಾದರೆ ಜನವರಿ 26ಕ್ಕೆ ಬರಬೇಡಿ, ಅವತ್ತು ಎಲ್ಲರೂ ಇಸ್ತ್ರಿ ಅಂಗಿಯಲ್ಲಿರುತ್ತಾರೆ. ನವೆಂಬರ್‌ನಲ್ಲಿ ಬನ್ನಿ. ಬೆಳಿಗ್ಗೆ ಏಳಕ್ಕೆ ಟಂಟಂ ಆಟೋಗಳು ಕೂಲಿಯವರನ್ನು ತುಂಬಿಕೊಂಡು ಹೊಲಕ್ಕೆ ಹೋಗುತ್ತವೆ. ಒಳಗೆ ಕೂತವರಲ್ಲಿ ಒಬ್ಬಿಬ್ಬರಾದರೂ ಸಮವಸ್ತ್ರದ ಮೇಲೇ ಅಪ್ಪನ ಹಳೇ ಅಂಗಿ ಹಾಕಿಕೊಂಡಿರುತ್ತಾರೆ.