ಹಿಂದಿನ ಸೀಟಿನಲ್ಲಿ ಕೂತು ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೈಲೇಜ್ ಕೇಳಿದವರು ಕಮ್ಮಿ, ಸೊಂಟ ನೋವು ಹೇಳಿಕೊಂಡವರೇ ಜಾಸ್ತಿ. ಕಾರು ಕೊಳ್ಳುವಾಗ ಓಡಿಸುವವರ ಮಾತು ನಡೆಯುತ್ತದೆ, ಹಿಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸಂಚಿಕೆಯ ಪುಟ ಅವರಿಗೇ.

ಪ್ರಶ್ನೆ: ಅಮ್ಮನಿಗೆ 72 ವರ್ಷ, ಎರಡೂ ಮಂಡಿ ನೋವು. ನಮ್ಮ ಸೆಡಾನ್‌ನಿಂದ ಇಳಿಯುವಾಗ ಕೈ ಹಿಡಿದು ಎಬ್ಬಿಸಬೇಕು. ಎಸ್‌ಯುವಿ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ತಗೊಳ್ಳಲೇ?

ಉತ್ತರ: ಎಲ್ಲರೂ ಹೇಳುವುದು ಅರ್ಧ ಸರಿ. ಸೆಡಾನ್ ಸೀಟು ತಗ್ಗಿನಲ್ಲಿರುತ್ತದೆ. ಅದರಿಂದ ಏಳುವುದೆಂದರೆ ಮಣೆಯಿಂದ ಎದ್ದ ಹಾಗೆ, ಮೈಭಾರವೆಲ್ಲ ಮಂಡಿಯ ಮೇಲೆ. ಚಾವಣಿ ಹಿಂದಕ್ಕೆ ಇಳಿಜಾರಾಗಿದ್ದರೆ ತಲೆಯನ್ನೂ ಬಗ್ಗಿಸಬೇಕು. ಆದರೆ ಎಸ್‌ಯುವಿ ಎಲ್ಲವೂ ಒಂದೇ ಥರ ಅಲ್ಲ. ಲಾರಿಯ ಹಾಗೆ ಬೇರೆಯದೇ ಚಾಸಿಯ (ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ಬಾಡಿ ಕೂರಿಸಿದ ದೊಡ್ಡ ಗಾಡಿಗಳಲ್ಲಿ ಒಳಗಿನ ನೆಲವೇ ಎತ್ತರ. ಅಲ್ಲಿ ಮೊದಲು ಹತ್ತಬೇಕು, ಆಮೇಲೆ ಕೂರಬೇಕು.

ಈ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ. ನಮ್ಮಮ್ಮನಿಗೆ ಅನುಕೂಲ ಆಗಲಿ ಅಂತಲೇ ಎತ್ತರದ ಗಾಡಿ ತಂದೆ. ಅವರು ಬಾಗಿಲು ಹಿಡಿದು ನಿಂತು, ಒಳಗೆ ಒಮ್ಮೆ ನೋಡಿ, "ಏಣಿ ಎಲ್ಲಿಟ್ಟಿದ್ದೀಯ?" ಅಂದರು. ಆಮೇಲೆ ಮೂರು ವರ್ಷ ಡಿಕ್ಕಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡೇ ತಿರುಗಿದೆವು. ಎಲ್ಲಿ ನಿಲ್ಲಿಸಿದರೂ ಮೊದಲು ಸ್ಟೂಲ್ ಇಳಿಯುತ್ತಿತ್ತು, ಆಮೇಲೆ ಅಮ್ಮ.

ನೀವು ಹೀಗೆ ಮಾಡಿ. ಅಮ್ಮನನ್ನು ಕಾರಿನ ಪಕ್ಕ ನಿಲ್ಲಿಸಿ. ಸೀಟು ಅವರ ಮಂಡಿಗಿಂತ ಚೆನ್ನಾಗಿ ಮೇಲೆ, ಸೊಂಟಕ್ಕಿಂತ ಒಂಚೂರು ಕೆಳಗೆ ಇರಬೇಕು. ಬೆನ್ನು ತಿರುಗಿಸಿ ಸುಮ್ನೆ ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳುವಂತಿರಬೇಕು. ಈ ಎತ್ತರ ಹೆಚ್ಚಾಗಿ ಸಿಗುವುದು ಎತ್ತರದ ಹ್ಯಾಚ್‌ಬ್ಯಾಕ್ (ಡಿಕ್ಕಿ ಹಿಂದೆ ಚಾಚಿಕೊಂಡಿರದ ಕಾರು), ಕ್ರಾಸ್‌ಓವರ್ (ಕಾರಿನ ತಳದ ಮೇಲೇ ಕಟ್ಟಿದ, ಎಸ್‌ಯುವಿಯಂತೆ ಕಾಣುವ ಗಾಡಿ) ಮತ್ತು ಎಂಪಿವಿಗಳಲ್ಲಿ (ಹೆಚ್ಚು ಜನ ಕೂರುವ ವ್ಯಾನ್‌ನಂಥ ಕಾರು). ಬಾಗಿಲ ಹೊಸ್ತಿಲನ್ನೂ ಗಮನಿಸಿ. ಅದು ಅಗಲವಾಗಿದ್ದರೆ ಕಾಲು ದೂರ ಹಾಕಬೇಕು, ಎತ್ತರವಾಗಿದ್ದರೆ ಮಂಡಿ ಜಾಸ್ತಿ ಮಡಚಬೇಕು. ಒಂದೇ ಸಲ ಹತ್ತಿಸಿ ಇಳಿಸಿ ತೀರ್ಮಾನ ಮಾಡಬೇಡಿ, ಮೂರು ಸಲ ಮಾಡಿಸಿ. ಮೊದಲ ಸಲ ಅವರು ನೋವನ್ನು ನುಂಗಿಕೊಳ್ಳುತ್ತಾರೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ತಗೊಂಡೆವು. ಹಿಂದೆ ಮಂಡಿಗೂ ಮುಂದಿನ ಸೀಟಿಗೂ ಧಾರಾಳ ಜಾಗ. ಆದರೂ ಒಂದು ಗಂಟೆಯಲ್ಲಿ ತೊಡೆ ಹಿಡಿದುಕೊಳ್ಳುತ್ತದೆ. ಕಾರಣ ಏನು?

ಉತ್ತರ: ನೀವು ನೋಡಿದ್ದು ಹಿಂದು ಮುಂದಿನ ಅಳತೆ. ನಿಮಗೆ ಕಾಟ ಕೊಡುತ್ತಿರುವುದು ಎತ್ತರ, ಅಂದರೆ ಮೇಲಿಂದ ಕೆಳಗಿನ ಅಳತೆ. ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿ ನೆಲದ ಕೆಳಗಿರುತ್ತದೆ. ಅದರಿಂದ ನೆಲ ಮೇಲೆ ಬರುತ್ತದೆ. ಚಾವಣಿಯನ್ನೂ ಅಷ್ಟೇ ಏರಿಸಿದರೆ ಗಾಳಿಯ ತಡೆ ಹೆಚ್ಚಿ, ಒಂದು ಚಾರ್ಜಿಗೆ ಓಡುವ ದೂರ ಕಮ್ಮಿಯಾಗುತ್ತದೆ. ಹಾಗಾಗಿ ಸೀಟಿಗೂ ನೆಲಕ್ಕೂ ನಡುವಿನ ಅಂತರವನ್ನು ಕತ್ತರಿಸುತ್ತಾರೆ.

ಊಟದ ಮೇಜಿನ ಕುರ್ಚಿ ಸುಮಾರು 45 ಸೆಂ.ಮೀ. ಎತ್ತರ ಇರುತ್ತದೆ, ಅದರಲ್ಲಿ ತೊಡೆ ಪೂರ್ತಿ ಸೀಟಿನ ಮೇಲೆ ಕೂರುತ್ತದೆ. ಅಂತರ ಕಮ್ಮಿಯಾದ ಹಾಗೆ ಮಂಡಿ ಮೇಲೇಳುತ್ತದೆ, ತೊಡೆ ಸೀಟು ಬಿಡುತ್ತದೆ, ಭಾರವೆಲ್ಲ ಕುಂಡಿಯ ಮೇಲೆ ಬೀಳುತ್ತದೆ. ತೊಡೆಯ ಕೆಳಗೆ ಕೈ ಹಾಕಿ ನೋಡಿ. ಅಂಗೈ ಸಲೀಸಾಗಿ ತೂರಿದರೆ ಇದೇ ಕಾರಣ. ಪೋರ್ಷೆಯವರು ಟೈಕಾನ್ ಕಾರಿನಲ್ಲಿ ಹಿಂದಿನವರ ಪಾದ ಇಳಿಬಿಡಲಿಕ್ಕೆಂದೇ ಬ್ಯಾಟರಿಯಲ್ಲಿ ಗುಂಡಿ ಬಿಟ್ಟಿದ್ದಾರೆ. ಎಲ್ಲರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಸದ್ಯಕ್ಕೆ ಮುಂದಿನ ಸೀಟನ್ನು ಸ್ವಲ್ಪ ಏರಿಸಿ. ಅದರ ಕೆಳಗೆ ಪಾದ ತೂರಿಸಿ ಕಾಲು ಮುಂದೆ ಚಾಚಿದರೆ ಮಂಡಿ ಇಳಿಯುತ್ತದೆ. ಒಂದು ಲಾಭವನ್ನೂ ಹೇಳಿಬಿಡುತ್ತೇನೆ: ನೆಲದ ನಡುವೆ ಉಬ್ಬು ಇಲ್ಲದ ಕಾರಾದರೆ ಮಧ್ಯದವರು ಪಾದ ಎಲ್ಲಿಡಲಿ ಅಂತ ಪೇಚಾಡಬೇಕಿಲ್ಲ.

ಪ್ರಶ್ನೆ: ನನ್ನ ಚಿಕ್ಕ ಕಾರಿನ ಹಿಂದಿನ ಸೀಟು ಭಾವನ ಉದ್ದದ ಸೆಡಾನ್‌ಗಿಂತ ಆರಾಮಾಗಿದೆ. ಭಾವ ಒಪ್ಪುತ್ತಿಲ್ಲ. ನನ್ನ ಭ್ರಮೆಯೇ?

ಉತ್ತರ: ಭ್ರಮೆ ಅಲ್ಲ, ಭಾವನಿಗೆ ಈ ಪುಟ ತೋರಿಸಿ. 1959ರಲ್ಲಿ ಬಂದ ಮಿನಿ ಕಾರಿನ ಉದ್ದ ಬರೀ 3.05 ಮೀಟರ್. ಅದರ ಎಂಜಿನ್ ಅಡ್ಡಡ್ಡ ಮಲಗಿತ್ತು. ಗೇರ್‌ಬಾಕ್ಸ್ ಎಂಜಿನ್‌ನ ಕೆಳಗೆ, ಪುಟಾಣಿ ಚಕ್ರಗಳು ನಾಲ್ಕು ಮೂಲೆಗೆ. ಹಾಗಾಗಿ ನೆಲದಲ್ಲಿ ನೂರಕ್ಕೆ ಸುಮಾರು 80 ಭಾಗ ಜನಕ್ಕೂ ಸಾಮಾನಿಗೂ ಸಿಕ್ಕಿತು. ಕಾರಿನ ಉದ್ದ ಬಾನೆಟ್‌ಗೋ ಡಿಕ್ಕಿಗೋ ಹೋದರೆ ನಿಮಗೇನು ಬಂತು, ಅಲ್ವಾ? ಅದಕ್ಕೇ ಒಟ್ಟು ಉದ್ದ ಬಿಟ್ಟು ವೀಲ್‌ಬೇಸ್ ನೋಡಬೇಕು, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ. ಎತ್ತರದ ಕಾರಿನಲ್ಲಿ ನೆಟ್ಟಗೆ ಕೂರುವುದರಿಂದ ಕಾಲಿಗೆ ಬೇಕಾಗುವ ಉದ್ದವೂ ಕಮ್ಮಿ. ಹೋಂಡಾ 2001ರಲ್ಲಿ ತಂದ ಜಾಝ್‌ನಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಮುಂದಿನ ಸೀಟಿನ ಕೆಳಗೆ ತಳ್ಳಿದರು. ಹಾಗಾಗಿ ಹಿಂದಿನ ಸೀಟನ್ನು ಮೇಲೆ ಮಡಚಿ ಅಲ್ಲಿ ಕುಂಡದ ಗಿಡವನ್ನು ನಿಲ್ಲಿಸಿಕೊಂಡು ಹೋಗಬಹುದಿತ್ತು!

ಸೂಟ್‌ಕೇಸ್ ವಿಷಯದಲ್ಲಿ ಮಾತ್ರ ಭಾವನೇ ಗೆಲ್ಲುತ್ತಾರೆ. ಅಲ್ಲಿ ವಾದ ಬೇಡ.

ಪ್ರಶ್ನೆ: ಶೋರೂಮ್‌ನಲ್ಲಿ ಒಂದು ಕಾರಿನ ಸೀಟು ಹತ್ತಿಯ ಹಾಗಿತ್ತು, ಇನ್ನೊಂದರದ್ದು ಗಟ್ಟಿ. ಸೊಂಟ ನೋವಿರುವ ನಾನು ಯಾವುದು ಆರಿಸಲಿ?

ಉತ್ತರ: ಗಟ್ಟಿಯದನ್ನೇ ಇನ್ನೊಮ್ಮೆ ನೋಡಿ. ಮೆತ್ತನೆ ಸೀಟು ಐದು ನಿಮಿಷಕ್ಕೆ ಹಿತ. ನಿಧಾನಕ್ಕೆ ಅದು ಕುಸಿದು ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನಿನ ಕೆಳಭಾಗದ ಬಾಗು ಹೋಗಿ ಬೆನ್ನು ಗೂನಾಗುತ್ತದೆ. ನಾನು ಒಮ್ಮೆ ಸೋಫಾದಂಥ ಸೀಟಿಗೆ ಮರುಳಾಗಿ, ಆಮೇಲೆ ಎರಡು ವರ್ಷ ಬೆನ್ನಿಗೆ ಸುತ್ತಿದ ಟವೆಲ್ ಇಟ್ಟುಕೊಂಡು ಓಡಿಸಿದ್ದೇನೆ. ಇಪ್ಪತ್ತು ನಿಮಿಷವಾದರೂ ಕೂತು ನೋಡಿ, ಸೇಲ್ಸ್‌ನವರು ಕಾಯಲಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳಿನ ಜಾಗ ಇರಬೇಕು. ಲೆದರ್ರೋ ಬಟ್ಟೆಯೋ ಅನ್ನುವುದು ಆಮೇಲಿನ ಮಾತು.

ಪ್ರಶ್ನೆ: ಏಳು ಸೀಟಿನ ಕಾರಿನ ಕೊನೆಯ ಸಾಲಿನಲ್ಲಿ ದೊಡ್ಡವರು ಕೂರಬಹುದೇ?

ಉತ್ತರ: ಎಸ್‌ಯುವಿಯಾದರೆ ಹೆಚ್ಚಾಗಿ ಮಕ್ಕಳಿಗೆ ಮಾತ್ರ. ಹಿಂದಿನ ಚಕ್ರದ ಭಾಗದಲ್ಲಿ ನೆಲ ಏರುತ್ತದೆ, ಗಲ್ಲಕ್ಕೆ ಮಂಡಿ ತಾಗುತ್ತದೆ. ಚಾವಣಿ ಬಾಲದವರೆಗೂ ಚಪ್ಪಟೆಯಾಗಿರುವ ಎಂಪಿವಿಯಲ್ಲಿ ಪರವಾಗಿಲ್ಲ. ಕಾರು ಕೊಳ್ಳುವವರೇ ಆ ಸಾಲಿನಲ್ಲಿ ಹೋಗಿ ಕೂತು, ಬೆಲ್ಟ್ ಹಾಕಿ, ಯಾರ ಸಹಾಯವೂ ಇಲ್ಲದೆ ಹೊರಗೆ ಬಂದು ತೋರಿಸಬೇಕು.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನಿಮ್ಮ ಹತ್ತಿರ ಈಗ ಯಾವ ಕಾರಿದೆ?

ಉತ್ತರ: ಎತ್ತರದ ಹ್ಯಾಚ್‌ಬ್ಯಾಕ್. ಅಮ್ಮನೇ ಆರಿಸಿದ್ದು. ನೀಲಿ ಸ್ಟೂಲ್ ಈಗ ಬಚ್ಚಲುಮನೆಯಲ್ಲಿದೆ.